ಬರಿದೇ ಮರಳಿದ ಬಟ್ಟಲು

ನಾಲ್ಕು ವರ್ಷ ತುಂಬಿದ ಮಕ್ಕಳಿಗೆಲ್ಲ ವಾರ್ಡ್ ಆಫೀಸಿನಲ್ಲಿ ನಡತೆ ಹಾಕಿಸುವ ಕಾಲ ಅದು. ಕಿವಿಗೆ ಎರಡು ಹನಿ ಬಿಟ್ಟರೆ ಮುಗಿಯಿತು, ಬರೆಸಿದ ನಡತೆಯೆಲ್ಲ ಮಗುವಿಗೆ ಬಂದುಬಿಡುತ್ತದೆ. ಆಮೇಲೆ ಯಾರು ಹೇಳಿದರೂ, ಯಾರನ್ನು ನೋಡಿದರೂ ಮಗುವಿಗೆ ಹೊಸ ನಡತೆ ಹತ್ತುವುದಿಲ್ಲ. ಪಾರವ್ವನೂ ಮಗಳು ಸಿಂಚನಾಳಿಗೆ ಹೋದ ವರ್ಷ ಹಾಕಿಸಿದ್ದಳು.

ಅವತ್ತು ಸಿಂಚನಾ ಪಕ್ಕದ ಮನೆಯ ಮೆಹಬೂಬಿಯ ಬಟ್ಟಲನ್ನು ಫಳಫಳ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಪಾಯಸ ರುಚಿಯಾಗಿತ್ತು. ತುಂಬಾ ಧನ್ಯವಾದಗಳು."

ಮೆಹಬೂಬಿ ಬಟ್ಟಲೊಳಗೆ ಇಣುಕಿ ನಕ್ಕಳು. "ಏನ್ ಪಾರವ್ವಾ, ನಿಮ್ಮನ್ಯಾಗ ಸಕ್ರಿ ಮುಗದೈತೇನ?"

ಪಾರವ್ವನ ಮುಖ ಸಣ್ಣದಾಯಿತು. "ಮಂದಿ ಬಟ್ಟಲಾ ಬರಿದ ಕೊಡಬಾರ್ದವಾ, ಒಂದ್ ಚಿಟಿಕಿ ಸಕ್ರಿ ಹಾಕ್ಬೇಕು. ಮೊನ್ನೇನೂ ಹೇಳಿದ್ನಲ್ಲ?"

"ಹೇಳಿದ್ದಿರಾ ಅಮ್ಮ? ಕ್ಷಮಿಸಿ," ಎಂದಳು ಮಗಳು ವಿನಯದಿಂದ.

"ಬಿಡ ತಂಗಿ, ಮುಂದ ಕಲೀತಾಳ," ಎಂದಳು ಮೆಹಬೂಬಿ. ಆಡಿದ ಮೇಲೆ ಹನಿಯ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಪಾರವ್ವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವ್ವನ ಕೈ ಸಕ್ಕರೆ ಡಬ್ಬಿಗೆ ಹೋಗುವುದನ್ನು ನೋಡಿ ನೋಡಿ ತನ್ನ ಕೈಯೂ ಹೋಗುತ್ತಿತ್ತು, ಅಷ್ಟೇ.

ಹೋದ ವರ್ಷ ವಾರ್ಡ್ ಆಫೀಸಿನ ಫಾರ್ಮಿನಲ್ಲಿ ಎಪ್ಪತ್ತೆರಡು ನಡತೆಗಳಿದ್ದವು. ಮಗಳು ನಾಲ್ಕು ಜನರೆದುರು ತಲೆ ತಗ್ಗಿಸಬಾರದೆಂದು ಪಾರವ್ವ ಎಲ್ಲಕ್ಕೂ ಗುರುತು ಹಾಕಿಸಿದ್ದಳು. ಕೊನೆಗೆ 'ನಿಮ್ಮ ಮನೆಯ ಪದ್ಧತಿಗಳು' ಎಂದು ಅರ್ಧ ಪುಟ ಜಾಗ ಬಿಟ್ಟಿದ್ದರು. ಗುಮಾಸ್ತ ಪೆನ್ನು ಹಿಡಿದು ಕಾದಿದ್ದ.

"ನಮ್ದೇನೈತ್ರೀ ಸರ, ಬಡವರ ಮನಿ," ಎಂದು ನಕ್ಕು, ಆ ಜಾಗದಲ್ಲಿ 'ಏನೂ ಇಲ್ಲ' ಎಂದು ಬರೆಸಿ ಬಂದಿದ್ದಳು.