ಬೆಳಕು ಸಾಲದ ಕ್ಯಾಮೆರಾ

ಚಿಕ್ಕಪ್ಪನ ಹಳೆಯ ಜಪಾನಿ ಕ್ಯಾಮೆರಾದ ಚರ್ಮದ ಚೀಲ ತೆರೆದರೆ ನನಗೆ ಈಗಲೂ ಊದುಬತ್ತಿಯ ವಾಸನೆ ಬರುತ್ತದೆ.

ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಾದ ಕೋರಮಂಡಲ್ ಲೈನಿನ ನಮ್ಮ ಮನೆಯಲ್ಲಿ ಅಜ್ಜಿ ಸತ್ತ ಮಧ್ಯಾಹ್ನ, ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಸುತ್ತ ನಾವೆಲ್ಲ ಫೋಟೋಗೆ ನಿಂತೆವು. ಬೆಳಕನ್ನು ತಾನೇ ಅಳೆಯುವ ಆ ಕ್ಯಾಮೆರಾ ಕ್ಲಿಕ್ ಅನ್ನಲಿಲ್ಲ. ಕಣ್ಣಿಡುವ ಕಿಂಡಿಯಲ್ಲಿ ಕೆಂಪು ಗುರುತು ಎದ್ದಿತು.

“ಬೆಳಕು ಸಾಲ್ದು ಕಣಣ್ಣಾ, ಒತ್ತಿದ್ರೂ ಒಲ್ಲೆ ಅಂತೈತೆ,” ಎಂದ ಚಿಕ್ಕಪ್ಪ.

“ಇಡ್ಕೊಳ್ಲಾ, ಬಿಸಿಲಿಗೆ ಎತ್ಕೊಂಡೋಗಾನ,” ಎಂದ ಅಪ್ಪ. ಇಬ್ಬರೂ ಕುರ್ಚಿಯನ್ನು ಒಂದೇ ಉಸಿರಿಗೆ ಎತ್ತಿ ಅಂಗಳಕ್ಕೆ ತಂದರು.

ಕಾಲು ಬಿದ್ದುಹೋಗಿದ್ದ ಅಜ್ಜಿ ಸಾಯುವ ಮುಂಚಿನ ಚಳಿಗಾಲವಿಡೀ ಒಳಕೋಣೆಯಿಂದ ಕೂಗುತ್ತಿದ್ದಳು: “ಒಸಿ ಬಿಸಿಲಿಗೆ ಕೂರಿಸ್ರಪ್ಪಾ.”

“ನಿನ್ನ ಎತ್ತೋರು ಯಾರಮ್ಮಾ?” ಎನ್ನುತ್ತಿದ್ದ ಅಪ್ಪ.

ಫೋಟೋ ನೋಡಿದ ನೆಂಟರೆಲ್ಲ, “ಮುಖದ್ ಮ್ಯಾಲೆ ಬಿಸಿಲು ಎಷ್ಟು ಚೆನ್ನಾಗ್ ಬಿದ್ದೈತೆ!” ಎಂದರು.