ಎರಡು ಮಡಕೆ ಮಜ್ಜಿಗೆ

"ಅದನ್ನ ಮುಟ್ಬ್ಯಾಡ ಕಣ್ಲಾ!"

ಕರಿಬಸಮ್ಮ ಗದರಿದ ರಭಸಕ್ಕೆ, ಚಿಕ್ಕ ಮಡಕೆಯತ್ತ ಕೈ ಚಾಚಿದ್ದ ಲಾರಿ ಡ್ರೈವರ್ ಬೆಚ್ಚಿ ಹಿಂದೆ ಸರಿದ. ಅವನಿಗೆ ದೊಡ್ಡ ಮಡಕೆಯಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟು ಕಳಿಸಿದಳು.

ಐಸ್ ಬಾಕ್ಸ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಸಿದ್ದಾರ್ಥ ಮನಸ್ಸಿನಲ್ಲೇ ನಕ್ಕ. ತಿನ್ನುವ ಕುಡಿಯುವ ಪದಾರ್ಥಗಳ ಸ್ಯಾಂಪಲ್ ತೆಗೆದು ಚಾಮರಾಜನಗರದ ಲ್ಯಾಬಿಗೆ ಒಯ್ಯುವುದು ಅವನ ಕೆಲಸ. ಗುಂಡ್ಲುಪೇಟೆಯ ಈ ರಸ್ತೆಬದಿ ಅಂಗಡಿಯ ಮೇಲೆ ಹೆಸರಿಲ್ಲದ ದೂರೊಂದು ಬಂದಿತ್ತು. ಕರಿಬಸಮ್ಮನ ಮಜ್ಜಿಗೆ ಕುಡಿದರೆ ಹೊಟ್ಟೆ ಕೆಡುತ್ತದಂತೆ. ಸರಿ, ಗಿರಾಕಿಗೊಂದು ಮಡಕೆ, ಅಧಿಕಾರಿಗೊಂದು ಮಡಕೆ. ಇಂಥ ಆಟ ಅವನು ಎಷ್ಟು ನೋಡಿಲ್ಲ!

"ತಕ್ಕಳಿ ಸಾ," ಎಂದು ಅವಳು ಚಿಕ್ಕ ಮಡಕೆಯನ್ನೇ ಮುಂದೆ ತಳ್ಳಿದಳು.

"ಎರಡರಿಂದಲೂ ತಗೋತೀನಮ್ಮ."

ಅವಳ ಮುಖ ಬಾಡಲಿಲ್ಲ. "ಧಾರಾಳವಾಗಿ ತಕ್ಕಳಿ. ಅಂಗೇ ಬೀದಿ ನಲ್ಲಿ ನೀರ್ನೂ ಒಂದ್ ಬಾಟ್ಲಿ ಹಿಡ್ಕಳಿ. ಮಜ್ಜಿಗೆ ಅಂದ್ಮೇಲೆ ಅರ್ಧ ನೀರೇ ಅಲ್ವಾ? ಈ ಬೀದಿ ಮಕ್ಕಳೆಲ್ಲ ಕುಡಿಯಾದೂ ಅದನ್ನೇ. ಮೊನ್ನೆ ಎರಡು ಮಕ್ಕಳಿಗೆ ಗ್ಲೂಕೋಸ್ ಹಾಕಿಸ್ಕಂಡು ಬಂದ್ರು."

ತಪ್ಪನ್ನು ನೀರಿನ ತಲೆಗೆ ಕಟ್ಟುವ ಉಪಾಯ ಅಂದುಕೊಂಡ. ಆದರೂ ಹಿಡಿದ. ರಸ್ತೆಯ ಆಚೆ ಕಬ್ಬಿನ ಹಾಲು ಮಾರುವ ಪುಟ್ಟಬಸಪ್ಪ ಯಂತ್ರ ನಿಲ್ಲಿಸಿ, ಕತ್ತು ಉದ್ದ ಮಾಡಿ ನೋಡುತ್ತಿದ್ದ. ದೂರು ಬರೆದ ಪುಣ್ಯಾತ್ಮ ಇವನೇ. ಅನುಮಾನವೇ ಬೇಡ.

ಮೂರನೆಯ ದಿನ ಲ್ಯಾಬಿನ ವರದಿ ನೋಡಿ ಸಿದ್ದಾರ್ಥ ತಲೆ ಕೆರೆದುಕೊಂಡ. ಗಿರಾಕಿಗಳ ದೊಡ್ಡ ಮಡಕೆ ಶುದ್ಧವಾಗಿತ್ತು. ತನಗೆಂದು ತಳ್ಳಿದ ಚಿಕ್ಕ ಮಡಕೆಯಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಮಿತಿಮೀರಿತ್ತು. ನಲ್ಲಿ ನೀರಿನಲ್ಲೂ ಅದೇ ಕಥೆ. ಎಲ್ಲೋ ಚರಂಡಿ ನೀರು ಕುಡಿಯುವ ನೀರಿಗೆ ಸೇರುತ್ತಿದೆ ಎಂದೇ ಅರ್ಥ.

ವರದಿ ಮೇಲಕ್ಕೆ ಹೋಯಿತು. ಮೊದಲು ಕರಿಬಸಮ್ಮನ ಅಂಗಡಿ ಮುಚ್ಚಿತು. ಅದರ ಬೆನ್ನಿಗೇ ಬೀದಿಗೆ ಜೆಸಿಬಿ ಬಂತು. ಅಗೆದರೆ, ಚರಂಡಿಯ ಅಡಿಯಲ್ಲೇ ನೀರಿನ ಪೈಪು ಒಡೆದಿತ್ತು. ಎರಡು ದಿನದಲ್ಲಿ ಹೊಸದು ಕೂತಿತು.

ಹತ್ತು ದಿನ ಬಿಟ್ಟು ಅವನು ಮತ್ತೆ ಬಂದ. ಈ ಸಲ ನಲ್ಲಿ ನೀರು ಪಾಸಾಗಿತ್ತು. ಅಂಗಡಿ ತೆರೆಯಬಹುದೆಂಬ ಕಾಗದವನ್ನು ಕರಿಬಸಮ್ಮನ ಕೈಗಿಟ್ಟ. ಇಷ್ಟು ದಿನದ ವ್ಯಾಪಾರ ಕಳೆದುಕೊಂಡ ಹೆಂಗಸು ಮನೆಗೆ ಹಬ್ಬ ಬಂದಂತೆ ನಗುತ್ತಿದ್ದಳು. ಕಸಿವಿಸಿಯಾದದ್ದು ಅವನಿಗೇ.

"ನಿಮ್ಮ ದೊಡ್ಡ ಮಡಕೆ ಚೆನ್ನಾಗೇ ಇತ್ತಮ್ಮ."

"ಅದು ಕುದಿಸಿ ಆರಿಸಿದ ನೀರು ಸಾ. ಗಿರಾಕಿ ಬಾಯಿಗೆ ಆ ನಲ್ಲಿ ನೀರು ಹುಯ್ಯಾಕಾದದಾ?"

"ಆ ಪುಟ್ಟಬಸಪ್ಪ ಸುಮ್ಮನೆ ದೂರು ಬರೆದು ನಿಮ್ಮ ಹೊಟ್ಟೆ ಮೇಲೆ ಹೊಡೆದ," ಎಂದ ಸಿದ್ದಾರ್ಥ. ನಿಜವಾಗಿಯೂ ಸಿಟ್ಟು ಬಂದಿತ್ತು.

ಕರಿಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅವನ್ನ ಬೋಯ್ಬ್ಯಾಡಿ ಸಾ. ನೀರು ಕೆಟ್ಟದೆ ಅಂತ ನಾಕ್ ಅರ್ಜಿ ಕೊಟ್ಟೋ, ಒಂದ್ ನರಪಿಳ್ಳೆನೂ ಬರ್ನಿಲ್ಲ. ಮಜ್ಜಿಗೆ ಕೆಟ್ಟದೆ ಅಂದ ಎರಡೇ ದಿನಕ್ಕೆ ನೀವು ಓಡ್ ಬಂದ್ರಿ. ಬರ್ದೋನು ಅವನೇ ದಿಟ. ಯೋಳಿ ಬರ್ಸಿದ್ದು ನಾನು!"