ಹೆಸರು ಕರೆಯುವ ಹೊತ್ತು

"ಅಯ್ಯಯ್ಯೋ! ಕಚ್ಬಿಟ್ಲು ಸೆನ್ಯೊ, ಕಚ್ಬಿಟ್ಲು!"

ಊರಿನವರೆಲ್ಲ 'ಸೆನ್ಯೊ' ಎಂದೇ ಕರೆಯುತ್ತಿದ್ದ ಒಡಿಲಿಯಾ ಟೀಚರ್ ಹಾಜರಿಯನ್ನು ಅರ್ಧಕ್ಕೇ ನಿಲ್ಲಿಸಿ ಹಿಂದಿನ ಬೆಂಚಿಗೆ ಓಡಿದಳು. ರುಬೆನ್ ಕೈ ಹಿಡಿದುಕೊಂಡು ಕುಣಿಯುತ್ತಿದ್ದ. ಪಕ್ಕದಲ್ಲಿ ಏಳು ವರ್ಷದ ನಿಕೊಲಾಸಾ. ಅವನ ಬಾಯಿ ಮುಚ್ಚಲು ಹೋಗಿದ್ದಳು, ಅವನು ತಳ್ಳಿದ, ತಳ್ಳಿದ ಕೈಯನ್ನೇ ಕಚ್ಚಿದ್ದಳು.

"ಅವನೇನೇ ಮಾಡಿದ ನಿಂಗೆ?"

"ಏನೂ ಮಾಡಿಲ್ಲ."

"ಮತ್ತೆ?"

"ಓಗೊಡಕ್ಕೆ ಹೊರಟಿದ್ದ."

ಇದೇನು ಮೊದಲನೆಯ ಸಲವಲ್ಲ. ಶಾಲೆ ಮತ್ತೆ ತೆರೆದಾಗಿನಿಂದ ಹೀಗೇ. ಮಳೆಗೆ ಅಗ್ನಿಪರ್ವತದ ಮಗ್ಗುಲು ಜಾರಿ ಕೆಳಗಿನ ಕೇರಿಯನ್ನು ನುಂಗಿತ್ತು. ಜೋಳ ಬೀಸಿಸಿಕೊಂಡು ಬರಲು ಹೋದ ನಿಕೊಲಾಸಾಳ ಅಣ್ಣ ಎಫ್ರಾಯಿನ್ ವಾಪಸು ಬರಲಿಲ್ಲ. ಅವನ ಹೆಣವೂ ಸಿಗಲಿಲ್ಲ.

ರಾಜಧಾನಿಯಿಂದ ತರಬೇತಿಯವರು ಬಂದು ಅರ್ಧ ದಿನ ಉಪದೇಶ ಮಾಡಿ, ಊಟ ಮುಗಿಸಿ ಹೋಗಿದ್ದರು. ನೊಂದ ಮಕ್ಕಳಿಗೆ ಹಳೆಯ ದಿನಚರಿಯೇ ಮದ್ದಂತೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಿರಿ, 'ನಾನಿದ್ದೇನೆ' ಅನ್ನುವ ಧೈರ್ಯ ಬರುತ್ತದೆ ಎಂದಿದ್ದರು. ಒಡಿಲಿಯಾ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಹೆಸರು ಕೂಗುವಳು, ಮಕ್ಕಳು "ಪ್ರೆಸೆಂತೆ!" ಎಂದು ಓಗೊಡುವರು. ತನ್ನ ಸರದಿ ಬರುತ್ತಲೇ ನಿಕೊಲಾಸಾ ಬೆಂಚಿನ ಕೆಳಗೆ ಸೇರಿಕೊಳ್ಳುವಳು.

ಹಾಜರಿ ಮುಗಿದರೆ ಮತ್ತೆ ಎಲ್ಲರಂತೆಯೇ. ಜೋಳದ ಗಂಜಿ ಕುಡಿಯುವಳು, ಹಗ್ಗದಾಟ ಆಡುವಳು. ಶಾಲೆ ಬಿಟ್ಟಾಗ ಮಾತ್ರ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೆನ್ನೆಯನ್ನೂ ಮುಟ್ಟಿ ನೋಡಿಯೇ ಹೊರಗೆ ಬಿಡುವಳು. "ಬಂದ್ಲಪ್ಪಾ ಪೊಲೀಸಮ್ಮ!" ಎಂದು ಮಕ್ಕಳು ನಗುತ್ತಿದ್ದರು.

ಹಿಟ್ಟಿನ ಗಿರಣಿಯ ಹೆಂಗಸರು ನಗಲಿಲ್ಲ. "ಅದು ಅವಳಲ್ಲ ಕಣೇ, ಅವಳಣ್ಣ. ಬಾಯಿಗೆ ಕೆಸರು ತುಂಬ್ಕೊಂಡು ಹೋದೋನು. ತಾನು ಮಾತಾಡೋ ಹಂಗಿಲ್ಲ, ಬೇರೆ ಮಕ್ಕಳ ಬಾಯಿ ಮುಚ್ಚಿಸ್ತಾನೆ."

"ನಿಮ್ಮ ನಾಲಿಗೆಗೆ ಎಲುಬಿಲ್ಲ" ಎಂದು ಒಡಿಲಿಯಾ ಗದರಿದಳು. ಮಾರನೆಯ ದಿನ ಎಫ್ರಾಯಿನ್ ಕೂರುತ್ತಿದ್ದ ಖಾಲಿ ಜಾಗದತ್ತ ಬೆನ್ನು ತಿರುಗಿಸಲು ಅವಳಿಗೇ ಭಯವಾಯಿತು.

ರುಬೆನ್‌ನ ಅಪ್ಪ ಬಂದು ಕೂಗಾಡಿದ ಮೇಲೆ ಹೆಡ್‌ಮಾಸ್ಟರ್ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಶುಕ್ರವಾರದ ತನಕ ನೋಡ್ತೀನಿ ಸೆನ್ಯೊ. ಆಮೇಲೆ ಆ ಮಗೂನ ಅಜ್ಜಿ ಮನೇಲೇ ಇಟ್ಕೊಳ್ಲಿ."

ಒಡಿಲಿಯಾ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಮರಳಿದಳು. ಅಣ್ಣನಂತೂ ಹೋದ. ಶಾಲೆಯೂ ಹೋದರೆ ಈ ಕೂಸಿಗೆ ಉಳಿಯುವುದೇನು? ಆ ಮನೆಯ ದುಃಖದಲ್ಲಿ ಅವಳು ಹೊರಗಿನವಳಾಗಿರಲಿಲ್ಲ. ಹುಡುಕಾಟ ನಿಲ್ಲಿಸಿದ ಸಂಜೆ ಚರ್ಚಿನ ಮುಂದೆ ಮೇಣದಬತ್ತಿ ಹಿಡಿದು ಸತ್ತವರ ಹೆಸರು ಕೂಗಿದವಳು ಅವಳೇ. ಅಂಥ ಗಟ್ಟಿ ದನಿ ಊರಲ್ಲಿ ಇನ್ನಾರಿಗಿತ್ತು? ಎಫ್ರಾಯಿನ್ ಹೆಸರಿಗೂ ಊರಿಗೆ ಊರೇ ಒಕ್ಕೊರಲಿನಿಂದ ಓಗೊಟ್ಟಿತ್ತು. ನಮ್ಮಲ್ಲಿ ಸತ್ತವರನ್ನು ಕಳಿಸಿಕೊಡುವುದೇ ಹಾಗೆ. ಅಜ್ಜಿಯ ಶಾಲು ಹಿಡಿದುಕೊಂಡು ನಿಕೊಲಾಸಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಶುಕ್ರವಾರ ಮಕ್ಕಳೆಲ್ಲ ಹೋದ ಮೇಲೆ ಒಡಿಲಿಯಾ ಅವಳೆದುರು ಮಂಡಿಯೂರಿ ಕೂತಳು.

"ಇಲ್ಲಿ ಯಾರೂ ಇಲ್ಲ ನೋಡು ಪುಟ್ಟಾ. ಒಂದೇ ಒಂದ್ಸಲ ಕರೀತೀನಿ. ನೀನು ಮೆಲ್ಲಗೆ ಓಗೊಟ್ರೆ ಸಾಕು, ಸೋಮವಾರ ಮತ್ತೆ ಬರ್ಬಹುದು. ಆಯ್ತಾ?"

ಹುಡುಗಿಯ ಕಣ್ಣು ಬೆಂಚಿನ ಕೆಳಕ್ಕೆ ಹೋಯಿತು.

"ನಿಕೊ..."

ಪುಟ್ಟ ಅಂಗೈ ಅವಳ ಬಾಯಿಗೆ ಬಂದು ಒತ್ತಿಕೊಂಡಿತು. ಒಡಿಲಿಯಾ ಅದನ್ನು ಸರಿಸಲಿಲ್ಲ.

"ದಮ್ಮಯ್ಯ ಸೆನ್ಯೊ, ಕರೀಬೇಡಿ... ಅಣ್ಣ ಬರ್ತಾನೆ ಬರ್ತಾನೆ ಅಂತಾನೇ ಎಲ್ರೂ ಹೇಳ್ತಿದ್ರು. ನೀವು ಅವನ ಹೆಸರು ಕರೆದ್ರಿ, ಎಲ್ರೂ 'ಪ್ರೆಸೆಂತೆ' ಅಂದ್ರು, ಅವತ್ತೇ ಅವನು ಸತ್ತೋದ."